ಅತ್ತೆಯವರ ತೋಟಕ್ಕೆ ಬೀಗ ಹಾಕಿದವರು

ನೀವು ಅಂಗಡಿಯಿಂದ ಒಂದು ಬಕೆಟ್ ತಂದಿರಿ ಅಂತ ಇಟ್ಟುಕೊಳ್ಳಿ. ಹತ್ತು ಸಲ ನೀರು ಹೊತ್ತ ಮೇಲೆ ಅದು ತಾನಾಗಿಯೇ ತೂತು ಬಿತ್ತು. ಆಗ ಏನು ಮಾಡುತ್ತೀರಿ? ಅದೇ ಬಕೆಟ್ಟನ್ನು ಅಂಗಡಿಯವನ ಮುಂದೆ ಕುಕ್ಕಿ ಜಗಳ ತೆಗೆಯುತ್ತೀರಿ. ದಾರಿಯಲ್ಲಿ ಹೋಗುವ ನಾಲ್ಕು ಜನವೂ ನಿಮ್ಮ ಪರವಾಗಿ ಮಾತಾಡುತ್ತಾರೆ. ಆದರೆ ಅದೇ ಬಕೆಟ್ಟು ಮೊಬೈಲಿನ ಆಟದೊಳಗೆ ತೂತು ಬಿದ್ದರೆ ನಾವು ತೆಪ್ಪಗೆ ಇನ್ನೊಂದನ್ನು ಕೊಳ್ಳುತ್ತೇವೆ. ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಹೀಗೇ ನಡೆಯಿತು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಮ್ಮದು ಹೊಲಿಗೆ ಅಂಗಡಿ. ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದಿನ ಎರಡು ಕೋಣೆಯಲ್ಲಿ ಸಂಸಾರ. ಅಳತೆ, ಕತ್ತರಿ, ಹೊಲಿಗೆ ಯಜಮಾನರದು. ಕಾಜಾ, ಗುಂಡಿ, ಅಂಚು ಮಡಚುವುದು ನನ್ನದು. ಯಜಮಾನರ ಒಂದು ಪದ್ಧತಿ ಇಡೀ ಬೀದಿಗೆ ಗೊತ್ತು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಗಿರಾಕಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ ಅಳತೆ ಚೀಟಿಯನ್ನು ಗಟ್ಟಿಯಾಗಿ ಓದುತ್ತಾರೆ. "ತೋಳು ಇಪ್ಪತ್ಮೂರೂವರೆ. ಹೂಂ ಅನ್ನಿ." ಗಿರಾಕಿ ಹೂಂ ಅನ್ನಬೇಕು. "ಒಳಜೇಬು ಒಂದು, ಎಡಕ್ಕೆ. ಹೂಂ ಅನ್ನಿ." ಒಂದೇ ಒಂದು ಸಾಲಿಗೆ ಹೂಂ ಬರದಿದ್ದರೂ ಕತ್ತರಿ ಮೇಜಿನಿಂದ ಏಳುವುದಿಲ್ಲ. ಕೋಟು ಹೊಲಿಸಲು ಬಂದ ವಕೀಲರೊಬ್ಬರು, "ಕೋರ್ಟಲ್ಲೂ ನನ್ನನ್ನ ಯಾರೂ ಇಷ್ಟು ಸಲ ಹೂಂ ಅನ್ನಿಸಿಲ್ಲ ಕಣಯ್ಯಾ" ಅಂತ ರೇಗಿದ್ದರು. ರೇಗಿದರೂ ಹೂಂ ಅಂದರು. ಇಂಥ ಮನುಷ್ಯನೇ ಹೋಗಿ ಹೋಗಿ ಓದದೆ ಹೂಂ ಅಂದ ಕಥೆ ಇದು.

ಅತ್ತೆಯವರು ಒಂದು ಕಾಲದಲ್ಲಿ ಈ ಅಂಗಡಿಗೆ ಕಸೂತಿ ಹಾಕಿಕೊಡುತ್ತಿದ್ದರು. ಅವರ ಕೈಯ ಹೂವನ್ನು ನೋಡಿ ಮೂಸಿದವರೂ ಇದ್ದಾರೆ. ಹೋದ ವರ್ಷ ಪಾರ್ಶ್ವವಾಯು ಹೊಡೆದು ಬಲಗೈ ಮುಷ್ಟಿ ಕಟ್ಟಿಕೊಂಡಿತು. ಮನೆಗೆ ಬಂದು ವ್ಯಾಯಾಮ ಹೇಳಿಕೊಡುತ್ತಿದ್ದ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ನೂರು ಸಲ ಹಿಸುಕಿ ಅಂದಳು. ಅತ್ತೆ ಎರಡು ದಿನ ಹಿಸುಕಿ ಚೆಂಡನ್ನು ಮಂಚದ ಕೆಳಗೆ ಎಸೆದರು.

"ನಿಂಬೆಹಣ್ಣಾಗಿದ್ರೆ ರಸನಾದ್ರೂ ಬರ್ತಿತ್ತು. ಇದನ್ನ ಹಿಸುಕಿ ಏನು ಸಿಗುತ್ತೆ?"

ಆಗ ದಾರಿ ತೋರಿಸಿದ್ದು ಅವರ ತಂಗಿ, ಅಂದರೆ ನಮ್ಮ ಚಿಕ್ಕತ್ತೆ. ಅವರು ಬೇರೆ ಊರಿನಲ್ಲಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. 'ನಮ್ಮ ಹಿತ್ತಲು' ಅಂತ ಒಂದು ಆಟ ಇದೆ, ಇಬ್ಬರು ಸೇರಿ ಒಂದೇ ತೋಟ ಮಾಡಬಹುದು ಅಂದರು. ಬೆರಳಿನಿಂದ ಎಳೆದರೆ ಕಳೆ ಕೀಳುತ್ತದೆ, ಎರಡು ಬೆರಳು ಕೂಡಿಸಿದರೆ ಹೂವು ಬಿಡಿಸಬಹುದು, ಬಕೆಟ್ಟನ್ನು ಬಗ್ಗಿಸಿದರೆ ನೀರು ಬೀಳುತ್ತದೆ. ಪುಕ್ಕಟೆ ಆಟವೇನಲ್ಲ. ಪೂರ್ತಿ ಬೆಲೆ ಕೊಟ್ಟು ಕೊಳ್ಳುವಂಥದು.

ಯಜಮಾನರು ಅವತ್ತು ಅರ್ಜೆಂಟು ಕೋಟಿನ ಕೆಲಸದಲ್ಲಿದ್ದರು. ಸೂಜಿ ಚುಚ್ಚದಿರಲಿ ಅಂತ ಬೆರಳಿಗೆ ಹಾಕುವ ಪ್ಲಾಸ್ಟಿಕ್ ಅಂಗುಸ್ತಾನವನ್ನು ಹಾಕಿಕೊಂಡೇ, ಆಟ ಕೊಳ್ಳಲು ಮನೆಯ ಟ್ಯಾಬ್ ಒತ್ತಿದರು. ಪ್ಲಾಸ್ಟಿಕ್ ಬೆರಳಿಗೆ ಪರದೆ ಓಗೊಡುತ್ತದೆಯೇ? ಒತ್ತಿದರು, ಇನ್ನೊಮ್ಮೆ ಒತ್ತಿದರು, ಕುಟ್ಟಿದರು. ಕೊನೆಗೆ ಸಿಟ್ಟು ಬಂದು ಅಂಗುಸ್ತಾನ ಕಿತ್ತು ಬಿಸಾಡಿ, ಎದುರಿಗೆ ಬಂದದ್ದನ್ನೆಲ್ಲ ಪಟಪಟ ಒತ್ತಿಬಿಟ್ಟರು. 'ಒಪ್ಪಿದೆ', 'ಒಪ್ಪಿದೆ', 'ಒಪ್ಪಿದೆ'. ಕಾರ್ಡಿನ ನಂಬರು ಉಳಿಸಿಡಲೇ ಅಂತ ಕೇಳಿತು. ಅದಕ್ಕೂ ಒಪ್ಪಿದೆ.

"ಅದೇನೋ ಉದ್ದುದ್ದ ಬರೆದಿತ್ತಲ್ಲ, ಓದಿದ್ರಾ?" ಅಂತ ನಾನು ಕೇಳಿದೆ.

"ಆಟಕ್ಕೇನು ಓದೋದೇ? ಇದೇನು ಕೋಟಾ?"

ನಿಜ ಹೇಳಬೇಕೆಂದರೆ ಮೊದಲ ದಿನಗಳು ಚೆನ್ನಾಗಿದ್ದವು. ದಿನಾ ಸಂಜೆ ನಾಲ್ಕು ಗಂಟೆಗೆ ಅಕ್ಕ ಇಲ್ಲಿಂದ, ತಂಗಿ ಅಲ್ಲಿಂದ ತೋಟಕ್ಕೆ ಇಳಿಯುತ್ತಿದ್ದರು. ಫೋನು ಸ್ಪೀಕರಿನಲ್ಲಿ. "ಏ, ಬದನೆ ನಾನು ಕೀಳ್ತೀನಿ, ನೀನು ಮುಟ್ಬೇಡ." "ಹೂಂ, ಚಿಕ್ಕವಳಿದ್ದಾಗಿಂದ್ಲೂ ಹಣ್ಣು ನಿಂಗೆ, ಕಳೆ ನಂಗೆ." ಅರವತ್ತು ವರ್ಷದ ಹಿಂದಿನ ಜಗಳವನ್ನೆಲ್ಲ ತೋಟದಲ್ಲಿ ಕೂತು ಮುಗಿಸಿಕೊಳ್ಳುತ್ತಿದ್ದರು. ಮೂರು ತಿಂಗಳಲ್ಲಿ ಅತ್ತೆಯವರ ಹೆಬ್ಬೆರಳು ಬಿಚ್ಚಿಕೊಂಡಿತು. ಆಮೇಲೆ ತೋರುಬೆರಳು, ಮುಂದೆ ಒಂದೊಂದಾಗಿ ಉಳಿದವೂ. ವ್ಯಾಯಾಮದ ಹುಡುಗಿ, "ಏನು ಮಾಡ್ತಿದೀರೋ ಅದನ್ನೇ ಮಾಡಿ, ಬಿಡಬೇಡಿ. ಬಿಟ್ರೆ ಕೈ ಮತ್ತೆ ಮುಚ್ಕೊಳ್ಳುತ್ತೆ" ಅಂದಳು.

ಕಂಪನಿಯವರಿಗೆ ಈ ಮಾತು ಕೇಳಿಸಿತೋ ಏನೋ, ಅವತ್ತಿಂದಲೇ ಶುರುವಾಯಿತು.

ಮೊದಲು ಬಕೆಟ್ಟು ತೂತು ಬಿತ್ತು. ಹತ್ತು ಸಲ ನೀರು ಹಾಕಿದರೆ ತೂತು. ಹೊಸದಕ್ಕೆ ನಾಣ್ಯ ಬೇಕು. ಆಟದ ನಾಣ್ಯವನ್ನು ನಿಜವಾದ ದುಡ್ಡಿಗೆ ಕೊಳ್ಳಬೇಕು. ಬಕೆಟ್ಟಿನ ಬೆಲೆ ನೂರಾ ಹತ್ತು ನಾಣ್ಯ, ಅವರು ಮಾರುವುದು ನೂರರ ಕಟ್ಟು. ಅಂದರೆ ಎರಡು ಕಟ್ಟು ಕೊಳ್ಳಲೇಬೇಕು. ಮಿಕ್ಕ ತೊಂಬತ್ತು ಯಾವುದಕ್ಕೂ ಸಾಲುವುದಿಲ್ಲ. ಆಮೇಲೆ 'ಅದೃಷ್ಟದ ಚೀಲ' ಬಂತು. ಒಳಗೆ ಯಾವ ಬೀಜ ಇದೆ ಅಂತ ಬಿಚ್ಚುವವರೆಗೆ ಗೊತ್ತಾಗುವುದಿಲ್ಲ. ಚಿಕ್ಕತ್ತೆಗೆ ನೀಲಿ ಗುಲಾಬಿ ಬೇಕಾಗಿತ್ತು. ಹದಿನಾಲ್ಕು ಚೀಲ ಬಿಚ್ಚಿದರೂ ಹದಿನಾಲ್ಕರಲ್ಲೂ ಮೂಲಂಗಿ.

ನಮ್ಮ ಪಕ್ಕದ್ದು ಮೊಬೈಲ್ ರಿಪೇರಿ ಅಂಗಡಿ. ಅದನ್ನು ನಡೆಸುವ ಹುಡುಗಿಯನ್ನು ಬೀದಿಯವರೆಲ್ಲ ರಿಪೇರಮ್ಮ ಅಂತಲೇ ಕರೆಯುತ್ತೇವೆ. ಕಿವಿಯ ಮೇಲೆ ಸ್ಕ್ರೂಡ್ರೈವರು ಸಿಗಿಸಿಕೊಂಡೇ ಓಡಾಡುತ್ತಾಳೆ. ಅವಳು ಒಂದು ದಿನ ಅತ್ತೆಯವರ ಆಟ ನೋಡಿ ಹಣೆ ಚಚ್ಚಿಕೊಂಡಳು.

"ಅಣ್ಣಾ, ಮೊದಲು ಕಾರ್ಡಿನ ನಂಬರು ತೆಗೀರಿ. ಕೊಳ್ಳೋದಕ್ಕೆ ಒಂದು ಗುಟ್ಟಿನ ಸಂಖ್ಯೆ ಹಾಕಿ. ಇದು ಆಟ ಅಲ್ಲ, ಹುಂಡಿ. ಹಾಕೋಕೆ ಮಾತ್ರ ಬಾಯಿ."

ಯಜಮಾನರಿಗೆ ಸರಿ ಬರಲಿಲ್ಲ. "ಅಷ್ಟು ದೊಡ್ಡ ಕಂಪನಿ. ಪ್ರಪಂಚವೆಲ್ಲ ಆಡುತ್ತೆ. ನಮ್ಮ ಹತ್ರ ಮೋಸ ಮಾಡಿ ಅವರೇನು ಉಪ್ಪರಿಗೆ ಕಟ್ಬೇಕಾ? ಅಮ್ಮನ ಕೈಗಿಂತ ದುಡ್ಡು ಹೆಚ್ಚಾ?"

"ಅವರು ನಂಬಿರೋದೇ ಆ ಮಾತನ್ನ, ಅಣ್ಣಾ."

"ನೀನೊಬ್ಬಳು, ಎಲ್ಲದರಲ್ಲೂ ಸ್ಕ್ರೂ ಸಡಿಲ ಅಂತೀಯ" ಅಂತ ಇವರು ತಳ್ಳಿಹಾಕಿದರು. ನಾನೂ ಸುಮ್ಮನಿದ್ದೆ. ಅತ್ತೆಯವರ ಕೈ ಬಿಚ್ಚಿಕೊಳ್ಳುತ್ತಿತ್ತಲ್ಲ, ಬಾಯಿ ತೆಗೆಯಲು ಮನಸ್ಸು ಬರಲಿಲ್ಲ. ಅದು ನನ್ನ ತಪ್ಪು.

ಹೀಗೇ ಇರುವಾಗ ಒಂದು ಸಂಜೆ ಅತ್ತೆ ಒಳಗಿಂದ ಕೂಗಿದರು. ಗುಂಡಿ ಹಾಕುತ್ತಿದ್ದ ಅಂಗಿ ಬಿಟ್ಟು ಓಡಿದೆ. ಪರದೆಯ ಮೇಲೆ ತೋಟದ ಮುಂದೆ ಒಂದು ಬೋರ್ಡು ನಿಂತಿತ್ತು. ಈ ತಿಂಗಳ ಮೂವತ್ತರ ಸಂಜೆ ಐದಕ್ಕೆ 'ನಮ್ಮ ಹಿತ್ತಲು' ಮುಚ್ಚುತ್ತದೆ. ನಿಮ್ಮ ಪ್ರೀತಿಗೆ ಧನ್ಯವಾದ. ಅದರ ಕೆಳಗೇ ಬಣ್ಣಬಣ್ಣದ ಅಕ್ಷರದಲ್ಲಿ: 'ನಮ್ಮ ಹಿತ್ತಲು ಎರಡು' ಬರುತ್ತಿದೆ! ಈಗಲೇ ಮುಂಗಡ ಕೊಂಡರೆ ಅರ್ಧ ಬೆಲೆ. ಪಕ್ಕದಲ್ಲಿ ಒಂದು ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಇಪ್ಪತ್ತು ನಿಮಿಷ ಉಳಿದಿದೆ, ಹತ್ತೊಂಬತ್ತು ನಿಮಿಷ ಐವತ್ತೆಂಟು ಸೆಕೆಂಡು.

"ನನ್ನ ತೋಟ ಮುಚ್ಚೋಕೆ ಇವರ್ಯಾರು?" ಅಂದರು ಅತ್ತೆ. "ದುಡ್ಡು ಕೊಟ್ಟಿಲ್ವಾ ನಾವು? ಬಾಡಿಗೆ ಮನೆಯಾ ಇದು, ಬಂದು ಖಾಲಿ ಮಾಡಿ ಅನ್ನೋಕೆ?" ಬಿಚ್ಚಿಕೊಂಡಿದ್ದ ಬೆರಳುಗಳು ಸೆರಗಿನ ತುದಿಯನ್ನು ಮುದ್ದೆ ಮಾಡುತ್ತಿದ್ದವು.

ಯಜಮಾನರು ಟ್ಯಾಬ್ ಹಿಡಿದು ಅಂಗಡಿಗೆ ಬಂದರು, ಬೆಳಕಿಗೆ. "ಎರಡನೇದು ಕೊಂಡುಬಿಡ್ತೀನಮ್ಮ, ಅಳಬೇಡ. ಅರ್ಧ ಬೆಲೆ ಇದೆ, ಟೈಮು ಆಗ್ತಿದೆ." ಅಷ್ಟು ಹೊತ್ತಿಗೆ ಕಿತ್ತುಹೋದ ಗುಂಡಿ ಹಾಕಿಸಿಕೊಳ್ಳಲು ರಿಪೇರಮ್ಮ ಬಂದಳು. ಒಂದು ಕ್ಷಣ ಪರದೆ ನೋಡಿದಳು, ಒಂದು ಕ್ಷಣ ಇವರ ಬೆರಳು ನೋಡಿದಳು.

"ಅಣ್ಣಾ, ಅಳತೆ ಚೀಟಿ ಓದಿದ್ರಾ?"

"ಯಾವ ಚೀಟಿ?"

"ನಿಮ್ಮ ಅಂಗಡಿ ಪದ್ಧತಿ ನಿಮಗೇ ಮರೆತುಹೋಯ್ತಾ? ಬನ್ನಿ, ಗಿರಾಕಿ ನಿಲ್ಲೋ ಜಾಗದಲ್ಲಿ ನಿಂತ್ಕೊಳ್ಳಿ."

ಕೈ ಹಿಡಿದು ಕನ್ನಡಿಯ ಮುಂದೆ ನಿಲ್ಲಿಸಿಯೇಬಿಟ್ಟಳು. ಕೊರಳಲ್ಲಿ ಟೇಪು ನೇತುಹಾಕಿಕೊಂಡು ಇವರು ತಮ್ಮ ಕನ್ನಡಿಯಲ್ಲಿ ತಾವೇ ಗಿರಾಕಿಯಾಗಿ ನಿಂತರು. ಅತ್ತೆಯವರನ್ನು ನಾನು ಕೈಹಿಡಿದು ತಂದು ಸ್ಟೂಲಿನ ಮೇಲೆ ಕೂರಿಸಿದೆ. ರಿಪೇರಮ್ಮ ಟ್ಯಾಬಿನಲ್ಲಿ ಎಲ್ಲೋ ಮೂಲೆಯಲ್ಲಿದ್ದ ಇರುವೆಗಾತ್ರದ ಅಕ್ಷರವನ್ನು ಒತ್ತಿ, ಹಿಗ್ಗಿಸಿ, ನಮಗೆ ತಿಳಿಯುವ ಮಾತಿನಲ್ಲಿ ಓದಿದಳು.

"ಮೊದಲ್ನೇ ಸಾಲು. ಈ ಆಟವನ್ನ ನಿಮಗೆ ಮಾರಿಲ್ಲ. ಆಡೋಕೆ ಅನುಮತಿ ಕೊಟ್ಟಿದೀವಿ, ಅಷ್ಟೆ. ಹೂಂ ಅನ್ನಿ."

"ಮಾರಿಲ್ವಾ? 'ಕೊಳ್ಳಿ' ಅಂತ ಇಷ್ಟು ದಪ್ಪಕ್ಕೆ ಬರೆದಿತ್ತಲ್ಲ!"

"ಹೂಂ ಅಂತೀರೋ, ಇಲ್ವೋ?"

"ಅನ್ನಲ್ಲ!"

"ಅಂದಾಗಿದೆ ಅಣ್ಣಾ. ಹೋದ ವರ್ಷಾನೇ. ಬಾಯಲ್ಲಲ್ಲ, ಬೆರಳಲ್ಲಿ." ಅವಳು ಮುಂದೆ ಓದಿದಳು. "ಎರಡ್ನೇ ಸಾಲು. ಯಾವಾಗ ಬೇಕಾದ್ರೂ, ಯಾವ ಕಾರಣಕ್ಕಾದ್ರೂ ಆಟ ನಿಲ್ಲಿಸೋ ಹಕ್ಕು ನಮಗಿದೆ. ಹೂಂ ಅನ್ನಿ."

"ನಾನು ಕೋಟು ಹೊಲಿದುಕೊಟ್ಟು, ವರ್ಷ ಆದ್ಮೇಲೆ ಮದುವೆ ಮನೆಗೆ ಹೋಗಿ ಮೈಮೇಲಿಂದ ಬಿಚ್ಕೊಂಡು ಬಂದ್ರೆ ಒದೀತಾರೆ ನನ್ನನ್ನ!"

"ಮೂರ್ನೇ ಸಾಲು. ನಾಣ್ಯ ನಿಮ್ಮದಲ್ಲ. ಅದಕ್ಕೆ ಬೆಲೆ ಇಲ್ಲ. ಮಿಕ್ಕಿದ್ದನ್ನ ವಾಪಸ್ಸು ಕೊಡಲ್ಲ. ನಾಲ್ಕ್ನೇ ಸಾಲು. ಚೀಲದೊಳಗೆ ಯಾವ ಬೀಜ ಎಷ್ಟಿರುತ್ತೆ ಅನ್ನೋದನ್ನ ನಿಮಗೆ ಹೇಳ್ದೆ ಬದಲಾಯಿಸಬಹುದು."

"ಅದಕ್ಕೇ ಮೂಲಂಗಿ!" ಅಂದರು ಅತ್ತೆ ಸ್ಟೂಲಿನಿಂದ.

ಯಜಮಾನರ ಮುಖ ಕೆಂಪಾಗಿತ್ತು. ಆದರೂ ಮನುಷ್ಯನ ಆಸೆ ನೋಡಿ. "ಅದು ಹಳೇದು. ಎರಡ್ನೇದು ಹಾಗಿರಲಿಕ್ಕಿಲ್ಲ" ಅಂದರು. ರಿಪೇರಮ್ಮ ಎರಡನೆಯದರ ಚೀಟಿಯನ್ನೂ ತೆರೆದಳು. ಸಾಲು ಒಂದು, ಸಾಲು ಎರಡು, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಅದೇ ಹಳೇ ಅಳತೆಗೆ ಕತ್ತರಿಸಿದ ಹೊಸ ಬಟ್ಟೆ.

"ಆದ್ರೆ ಗಡಿಯಾರ..." ಅಂದರು ಇವರು. ಎರಡು ನಿಮಿಷ ಉಳಿದಿತ್ತು. "ಈಗ ಬಿಟ್ರೆ ಪೂರ್ತಿ ಬೆಲೆ. ಅಮ್ಮನ ಕೈ..."

"ಎರಡೇ ನಿಮಿಷ ತಾನೇ? ಒಂದು ಗುಂಡಿ ಹಾಕೋಷ್ಟು ಹೊತ್ತು. ಅತ್ತಿಗೆ, ನನ್ನ ಗುಂಡಿ ಹಾಕಿ. ಮುಗಿಯೋವರೆಗೂ ಯಾರೂ ಪರದೆ ಮುಟ್ಬೇಡಿ."

ನಾನು ಗುಂಡಿ ಹಾಕಲು ಕೂತೆ. ಕಣ್ಣು ಗಡಿಯಾರದ ಕಡೆಗೇ ಓಡಿ ಎರಡು ಸಲ ದಾರ ತಪ್ಪಿತು. ಅತ್ತೆ ಪರದೆಯಿಂದ ಕಣ್ಣು ಕೀಳಲಿಲ್ಲ. ಮೂವತ್ತು ಸೆಕೆಂಡು. ಹತ್ತು. ಯಜಮಾನರ ಬೆರಳು ತಾನಾಗಿಯೇ ಮೇಲೆದ್ದಿತು, ಅತ್ತೆ ಪಟ್ಟನೆ ಅದರ ಮೇಲೆ ಒಂದು ಏಟು ಕೊಟ್ಟರು. ಬಲಗೈಯಲ್ಲಿ. ಮೂರು, ಎರಡು, ಒಂದು, ಸೊನ್ನೆ. ಗಡಿಯಾರ ಒಮ್ಮೆ ಮಿಣುಕಿತು. ಮತ್ತೆ ಇಪ್ಪತ್ತು ನಿಮಿಷ ತೋರಿಸಿತು. ಹತ್ತೊಂಬತ್ತು ಐವತ್ತೊಂಬತ್ತು, ಹತ್ತೊಂಬತ್ತು ಐವತ್ತೆಂಟು.

ಆಮೇಲೆ ಯಜಮಾನರು ಕೊರಳಿನ ಟೇಪು ತೆಗೆದು ಮೇಜಿನ ಮೇಲೆ ಎಸೆದರು. "ನಾನು ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಅರ್ಧ ಇಂಚು ತಪ್ಪಬಾರದು ಅಂತ ಸಾಯ್ತೀನಿ. ಇವರು ಗಡಿಯಾರದಲ್ಲೂ ಸುಳ್ಳು ಹೇಳ್ತಾರಲ್ಲ!" ಅಂದರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ. ಆ ಸಿಟ್ಟಿನಲ್ಲಿ ಅರ್ಧ ತಮ್ಮ ಮೇಲೆಯೇ ಇತ್ತು.

ರಿಪೇರಮ್ಮ ಹೇಳಿದಂತೆ ಅವತ್ತೇ ಕೆಲಸಕ್ಕೆ ಕೂತೆವು. ಕಾರ್ಡಿನ ನಂಬರು ಅಳಿಸಿದೆವು. ಅಳಿಸುವ ಗುಂಡಿ ಎಲ್ಲಿತ್ತು ಅಂತೀರಿ? ಐದು ಪುಟದ ಹಿಂದೆ, ಬೂದು ಬಣ್ಣದಲ್ಲಿ, ಕಾಣಬಾರದು ಅಂತಲೇ ಇಟ್ಟ ಹಾಗೆ. ಆಟ ಕೊಂಡ ರಸೀದಿ, ನಾಣ್ಯ ಕೊಂಡ ರಸೀದಿ, ತೋಟ, ಮುಚ್ಚುವ ಬೋರ್ಡು, ಸುಳ್ಳು ಗಡಿಯಾರ, ಎಲ್ಲದರ ಚಿತ್ರ ತೆಗೆದಿಟ್ಟೆವು. ಕೊನೆಯ ನಾಣ್ಯದ ಕಟ್ಟನ್ನು ಕೊಂಡದ್ದು ಬೋರ್ಡು ಬರುವುದಕ್ಕೆ ಒಂಬತ್ತು ದಿನ ಮೊದಲು. ಮುಚ್ಚುವುದು ಅವರಿಗೆ ಆಗಲೇ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಮಾರಿದರು. ಕಂಪನಿಗೆ ಬರೆದೆವು. 'ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ' ಅಂತ ಉತ್ತರ ಬಂತು. ಮತ್ತೆ ಬರೆದೆವು. ಅದೇ ಉತ್ತರ, ಅದೇ ಅಲ್ಪವಿರಾಮ. ಮೂರನೆಯ ಸಲವೂ ಅದೇ. ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಯಾದರೂ ಬೇರೆ ಸದ್ದು ಮಾಡೀತು.

ಕೊನೆಗೆ ಚಿತ್ರಗಳನ್ನೆಲ್ಲ ಜೋಡಿಸಿ ಗ್ರಾಹಕರ ದೂರು ಕೇಂದ್ರಕ್ಕೆ ಕೊಟ್ಟೆವು. ಚಿಕ್ಕತ್ತೆ ಅವರ ಊರಿನಿಂದ ಕೊಟ್ಟರು. ಕೆಲವು ವಾರ ಓಡಾಡಿದ ಮೇಲೆ ಆ ಕೊನೆಯ ಕಟ್ಟಿನ ದುಡ್ಡು ಇಬ್ಬರಿಗೂ ವಾಪಸ್ಸು ಬಂತು. ಅಷ್ಟೇ ಬಂದದ್ದು. ಆಟದ ಬೆಲೆ ಬರಲಿಲ್ಲ. ತೋಟವೂ ಬರಲಿಲ್ಲ. ನಾನು ನಿಮಗೆ ಸುಳ್ಳು ಹೇಳುವುದಿಲ್ಲ.

ಈ ಓಡಾಟದ ನಡುವೆಯೇ, ಮೂವತ್ತನೇ ತಾರೀಖು ನಾಲ್ಕು ಗಂಟೆಗೆ ಅಕ್ಕತಂಗಿ ಕೊನೆಯ ಸಲ ತೋಟಕ್ಕೆ ಇಳಿದರು. ಅವತ್ತು ಜಗಳ ಆಡಲಿಲ್ಲ. "ಬದನೆ ನೀನೇ ಕಿತ್ಕೋ" ಅಂದರು ಅತ್ತೆ. "ನಂಗ್ಯಾಕೆ, ನೀನೇ ಕಿತ್ಕೋ" ಅಂದರು ಆ ಕಡೆಯಿಂದ. ಯಾರೂ ಕೀಳಲಿಲ್ಲ. ಐದು ಹೊಡೆಯಿತು, ಪರದೆ ಬೆಳ್ಳಗಾಯಿತು. ಅಂಗಡಿಯಲ್ಲಿ ಮಿಷನ್ ತುಳಿಯುತ್ತಿದ್ದ ಯಜಮಾನರು ಕಾಲು ನಿಲ್ಲಿಸಿದರು.

ಮರುದಿನ ನಾಲ್ಕಕ್ಕೆ ಅತ್ತೆ ಸುಮ್ಮನೆ ಕೂತಿದ್ದರು. ಅದರ ಮರುದಿನವೂ ಅಷ್ಟೆ. ವಾರ ಕಳೆಯುವಷ್ಟರಲ್ಲಿ ಕಿರುಬೆರಳು ಮತ್ತೆ ಒಳಕ್ಕೆ ಮಡಚಿಕೊಂಡಿತು. ರಿಪೇರಮ್ಮ ಬೇರೆ ಒಂದು ಆಟ ಹುಡುಕಿ ತಂದಳು. ಒಂದೇ ಸಲ ಕೊಂಡರೆ ಮುಗಿಯಿತು, ನಾಣ್ಯ ಇಲ್ಲ, ಚೀಲ ಇಲ್ಲ, ನೆಟ್ಟು ಇಲ್ಲದೆಯೂ ನಡೆಯುತ್ತದೆ, ಕಂಪನಿ ಮುಚ್ಚಿದರೂ ನಮ್ಮ ಟ್ಯಾಬಿನಲ್ಲಿ ಉಳಿಯುತ್ತದೆ. ಅಂಥವೂ ಇವೆ. ಮರ್ಯಾದೆಯಿಂದ ಆಟ ಮಾಡುವವರೂ ಇದ್ದಾರೆ, ಹುಡುಕಬೇಕು ಅಷ್ಟೆ. ಅತ್ತೆ ಅದನ್ನು ಆಡಿದರು, ಬೆರಳು ಆಡಿತು. ಆದರೆ ಮನಸ್ಸು ಅಲ್ಲಿರಲಿಲ್ಲ.

ಒಂದು ದಿನ ನನ್ನನ್ನು ಕರೆದರು. "ನಮ್ಮ ತೋಟದ ಚಿತ್ರ ತೆಗೆದಿಟ್ಟಿದ್ರಲ್ಲ ದೂರಿಗೆ, ಅದನ್ನ ಕಾಗದದ ಮೇಲೆ ಹಾಕಿಸ್ಕೊಂಡು ಬಾ. ಹಾಗೇ ನನ್ನ ಕಸೂತಿ ಚೌಕಟ್ಟು ಎಲ್ಲಿದೆ ನೋಡು."

"ಅತ್ತೆ, ಕೈ?"

"ಆಡ್ಸಿದ್ರೆ ತಾನೇ ಕೈ?"

ಮೊದಲ ದಿನ ನಾಲ್ಕು ಹೊಲಿಗೆ. ಅದೂ ಸೊಟ್ಟ. ಯಜಮಾನರು ತಮ್ಮ ಅಂಗುಸ್ತಾನ ತಂದು ತಾಯಿಯ ಬೆರಳಿಗೆ ಹಾಕಿದರು. ಬದನೆ ಗಿಡಕ್ಕೆ ಹನ್ನೊಂದು ದಿನ ಹಿಡಿಯಿತು. ಅರ್ಧ ತೋಟ ಆದ ಮೇಲೆ ಬಟ್ಟೆಯನ್ನು ಮಡಚಿ ಅಂಚೆಯಲ್ಲಿ ತಂಗಿಗೆ ಕಳಿಸಿದರು. ತಂಗಿ ತಮ್ಮ ಪಾಲು ಹೊಲಿದು ವಾಪಸ್ಸು ಕಳಿಸಿದರು, ಜೊತೆಗೆ ಹದಿನಾಲ್ಕು ಚೀಲದಲ್ಲೂ ಸಿಗದ ನೀಲಿ ಗುಲಾಬಿಯನ್ನು ತಾವೇ ಹೊಲಿದು. ನಾಲ್ಕು ಗಂಟೆಗೆ ಫೋನು ಮತ್ತೆ ಸ್ಪೀಕರಿಗೆ ಬಂತು. "ಏ, ನನ್ನ ಬದನೆ ಮೇಲೆ ಯಾಕೆ ಹೊಲಿಗೆ ಹಾಕ್ದೆ ನೀನು?"

ಆ ಬಟ್ಟೆ ಈಗ ಅಂಗಡಿಯ ಕನ್ನಡಿಯ ಪಕ್ಕ ತೂಗುತ್ತಿದೆ. ಅದರ ಮೂಲೆಯಲ್ಲಿ ಒಂದು ಸೊಟ್ಟ ಬಕೆಟ್ಟು ಇದೆ. ಗಿರಾಕಿಗಳು ಕೇಳಿದರೆ ಅತ್ತೆ ತಾವೇ ಎದ್ದು ಬಂದು ಬಲಗೈ ಬೆರಳಿಟ್ಟು ತೋರಿಸುತ್ತಾರೆ. "ಅದೇ ಬಕೆಟ್ಟು ಇದು. ತೂತು ಮುಚ್ಚಿದೀನಿ. ಇನ್ನೊಂದು ಸಲ ತೂತು ಬೀಳ್ಸಲಿ ನೋಡೋಣ."

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಯಾರಾದರೂ ಆಡುತ್ತಿರುತ್ತಾರೆ. ಆಡಲಿ, ಆಟ ತಪ್ಪಲ್ಲ. ಆದರೆ ಇವತ್ತೇ ಆ ಮೊಬೈಲು ಕೈಗೆ ತೆಗೆದುಕೊಂಡು ಕಾರ್ಡಿನ ನಂಬರು ಉಳಿದಿದೆಯೇ ನೋಡಿ, ಉಳಿದಿದ್ದರೆ ಅಳಿಸಿ. ಕೊಳ್ಳಲು ಗುಟ್ಟಿನ ಸಂಖ್ಯೆ ಬೇಕು ಅಂತ ಮಾಡಿ. ಒಳಗೇನಿದೆ ಅಂತ ಹೇಳದ ಚೀಲಕ್ಕೆ ದುಡ್ಡು ಹಾಕಬೇಡಿ. ಗಡಿಯಾರ ಓಡಿಸಿ ಆತುರ ಮಾಡಿದರೆ ಕೈ ಕಟ್ಟಿ ಕೂತು ಅದು ಸೊನ್ನೆಯಾಗುವುದನ್ನು ನೋಡಿ. ರಸೀದಿಯ ಚಿತ್ರ ಇಟ್ಟುಕೊಳ್ಳಿ. ಮೋಸವಾದರೆ ನಾಚಿಕೊಳ್ಳದೆ ಗ್ರಾಹಕರ ದೂರು ಕೇಂದ್ರಕ್ಕೆ ಹೋಗಿ. ನಾಚಬೇಕಾದವರು ನೀವಲ್ಲ. ಮತ್ತೆ, ಕೊಳ್ಳುವ ಮೊದಲು ಆ ಸಣ್ಣ ಅಕ್ಷರದ ಚೀಟಿಯನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಿ. ಅರ್ಥವಾಗದಿದ್ದರೆ ಬಲ್ಲವರಿಂದ ಓದಿಸಿ. ಯಾವ ಸಾಲಿಗೆ ಹೂಂ ಅನ್ನಲು ನಿಮ್ಮ ಬಾಯಿ ಏಳುವುದಿಲ್ಲವೋ, ಅದರ ಮೇಲೆ ಬೆರಳನ್ನೂ ಇಡಬೇಡಿ.